ಪಾಳುಗೋಡೆಯ ಚೆಲುವು, ಕುದುರೆ ಏರಿದ ಮೇಷ್ಟ್ರು

ತಪ್ಪು ಕಲ್ಪನೆ: ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಮುಂದೆ ಫೋಟೊ ತೆಗೆಸಿಕೊಳ್ಳುವ ಹುಚ್ಚು ಮೊಬೈಲ್ ಬಂದ ಮೇಲೆ ಹುಟ್ಟಿದ್ದು.

ವಾಸ್ತವ: ಮೊಬೈಲ್ ಹೊಸದು, ಹುಚ್ಚು ಹಳೆಯದು. ಯಾವ ನೋಟ ಚಿತ್ರಕ್ಕೆ ಒದಗುತ್ತದೆ, ಯಾವುದು ಒದಗುವುದಿಲ್ಲ ಎಂದು ಇಂಗ್ಲೆಂಡಿನ ಪಾದ್ರಿ ವಿಲಿಯಂ ಗಿಲ್ಪಿನ್ ಕಟ್ಟಳೆಯನ್ನೇ ಮಾಡಿಟ್ಟಿದ್ದ. ಟಿಂಟರ್ನ್ ಮಠದ ಪಾಳುಗೋಡೆಗಳು ತೀರಾ ಅಚ್ಚುಕಟ್ಟಾಗಿವೆ, ಹದವರಿತು ಸುತ್ತಿಗೆ ಆಡಿಸಿದರೆ ಚೆನ್ನಾದೀತು ಎಂದು ವೈ ನದಿಯ ಪ್ರವಾಸದ ಪುಸ್ತಕದಲ್ಲಿ (1782) ಬರೆದ. ಅಷ್ಟು ಧೈರ್ಯ ಯಾರಿಗಿದೆ ಎಂದೂ ಸೇರಿಸಿದ ಅನ್ನಿ.

ಈ ಗೀಳನ್ನು ಗೇಲಿ ಮಾಡಿದ್ದು 1812ರಲ್ಲಿ ಪುಸ್ತಕವಾಗಿ ಬಂದ ಡಾಕ್ಟರ್ ಸಿಂಟ್ಯಾಕ್ಸನ ಸಚಿತ್ರ ಪದ್ಯಕಥೆ. ಸಂಬಳ ಸಾಲದ ಪಾದ್ರಿ ಮೇಷ್ಟ್ರೊಬ್ಬ ಗ್ರಿಜಲ್ ಎಂಬ ಬಡಕಲು ಕುದುರೆ ಏರಿ, ಚಂದದ ನೋಟಗಳ ಪುಸ್ತಕ ಬರೆದು ದುಡ್ಡು ಮಾಡಲು ಹೊರಡುತ್ತಾನೆ. ದಾರಿಗಳ್ಳರು ಮರಕ್ಕೆ ಕಟ್ಟಿಹಾಕುತ್ತಾರೆ, ಗೂಳಿ ಅಟ್ಟಿಸಿಕೊಂಡು ಬರುತ್ತದೆ. ಪಾಳು ಕೋಟೆಯ ಚಿತ್ರ ಬರೆಯಲು ಹೋಗಿ ದೊಪ್ಪನೆ ನೀರಿಗೆ ಬೀಳುತ್ತಾನೆ.

ತಪ್ಪು ಕಲ್ಪನೆ: ಶೆಟ್ಟಿಹಳ್ಳಿಯದು ಎಷ್ಟೋ ಶತಮಾನದಿಂದ ಪಾಳುಬಿದ್ದ ಕಟ್ಟಡ.

ವಾಸ್ತವ: ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಬಂತು, ಜನ ಎದ್ದುಹೋದರು. ಅಲ್ಲಿ ಮದುವೆ ಮಾಡಿಕೊಂಡವರು ಬದುಕಿದ್ದಾಗಲೇ ಅದು ಪಾಳಾಯಿತು.

ತಪ್ಪು ಕಲ್ಪನೆ: ಸಿಂಟ್ಯಾಕ್ಸನ ಕಥೆಯನ್ನು ಕವಿ ಬರೆದ, ಆಮೇಲೆ ಚಿತ್ರಗಾರ ಚಿತ್ರ ಬಿಡಿಸಿಕೊಟ್ಟ.

ವಾಸ್ತವ: ಆದದ್ದು ಉಲ್ಟಾ. ಥಾಮಸ್ ರೋಲೆಂಡ್‌ಸನ್‌ನ ಚಿತ್ರ ಮೊದಲು. ಪ್ರಕಾಶಕ ಆಕರ್‌ಮನ್ ತನ್ನ ಮಾಸಪತ್ರಿಕೆಗಾಗಿ, 1809ರಿಂದ, ತಿಂಗಳು ತಿಂಗಳೂ ಚಿತ್ರ ಕಳಿಸುವುದು, ವಿಲಿಯಂ ಕೂಮ್ ಅದಕ್ಕೆ ಪದ್ಯ ಹೊಸೆಯುವುದು. ಮುಂದಿನ ತಿಂಗಳು ಮೇಷ್ಟ್ರು ಗುಂಡಿಯಲ್ಲಿರುತ್ತಾನೋ ಮರದಲ್ಲಿರುತ್ತಾನೋ ಕವಿಗೇ ಗೊತ್ತಿಲ್ಲ. ಬರೆಯುವ ಹೊತ್ತಿಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಕೂಮ್‌ಗೆ ಆಗ ಅರವತ್ತು ದಾಟಿತ್ತು. ಸಾಲ ತೀರಿಸಲಾಗದೆ ಲಂಡನ್ನಿನ ಸಾಲಗಾರರ ಜೈಲಿನ ಸರಹದ್ದು ಬಿಟ್ಟು ಹೋಗುವಂತಿರಲಿಲ್ಲ. ಅಂಥವನ ಕೈಯಲ್ಲಿ ಪ್ರವಾಸಕಾವ್ಯ! ಪುಸ್ತಕದೊಳಗಿನ ಯಾವ ತಮಾಷೆಯೂ ನನಗೆ ಇದರಷ್ಟು ರುಚಿಸಿಲ್ಲ.

ತಪ್ಪು ಕಲ್ಪನೆ: ನಗಿಸುವ ಪ್ರವಾಸ ಬರಹ ಹೊತ್ತು ಕಳೆಯುವುದಕ್ಕೆ ಮಾತ್ರ.

ವಾಸ್ತವ: ಹಾಸನ ಜಿಲ್ಲೆಯವರು ಈ ಮಾತು ಒಪ್ಪಬಾರದು. ಈ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರೂ ನಗಿಸುವ ಪ್ರವಾಸ ಬರಹ ಬರೆದರು; ಅದು ಗದ್ಯ, ಪದ್ಯವಲ್ಲ. ಆದರೆ ಸಿಂಟ್ಯಾಕ್ಸನ ಕಥೆಗೂ ಅದಕ್ಕೂ ಇರುವ ಮುಖ್ಯ ವ್ಯತ್ಯಾಸ ನಗೆಯ ವರಸೆಯಲ್ಲಿದೆ. ಸಿಂಟ್ಯಾಕ್ಸ್ ದೇಶವನ್ನು ಚೌಕಟ್ಟಿನೊಳಗೆ ನೋಡುತ್ತಾನೆ, ನಾವು ಅವನನ್ನು ನೋಡಿ ನಗುತ್ತೇವೆ. ಗೊರೂರರು ಇಳಿವಯಸ್ಸಿನಲ್ಲಿ ಅಮೆರಿಕೆಗೆ ಹೋದಾಗ ಹೇಮಾವತಿ ದಂಡೆಯ ಹಳ್ಳಿಯನ್ನೂ ಜೊತೆಗೆ ಒಯ್ದರು. ನಗೆಗೆ ಮೊದಲು ತಮ್ಮನ್ನೇ ಒಡ್ಡಿಕೊಂಡರು. 1980ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟದ್ದು ಅವರ ಹಳ್ಳಿಯ ಕಥೆಗಳಲ್ಲ, ಈ 'ಅಮೆರಿಕಾದಲ್ಲಿ ಗೊರೂರು'.