ಹಿರಿಯರ ಕ್ಷೌರದ ಕತ್ತಿ

ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲಸಿರುವ ನಮ್ಮ ಕೆಲವು ಸಂಸಾರಗಳಲ್ಲಾದರೂ ಟ್ರಂಕಿನ ತಳದಲ್ಲಿ ಹಿರಿಯರ ಮಡಿಚುವ ಕ್ಷೌರದ ಕತ್ತಿಯೊಂದು ಇದ್ದೀತು. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಪಟ್ಟಣಗಳು ಇಂಥ ಕತ್ತಿಗಳಿಗೆ ಹೆಸರಾದುವು. 1904ರಲ್ಲಿ ಅಮೆರಿಕದ ಜಿಲೆಟ್ ಎಂಬಾತ ಬ್ಲೇಡು ಬದಲಿಸುವ ರೇಜರಿಗೆ ಪೇಟೆಂಟು ಪಡೆದ ಮೇಲೆ ಇವು ಕ್ರಮೇಣ ಮೂಲೆ ಸೇರಿದುವು. ಆದರೂ ಒಳ್ಳೆಯ ಉಕ್ಕಿಗೆ ಮುಪ್ಪಿಲ್ಲ. ಅದನ್ನು ಕೆಡಿಸುವುದು ನಮ್ಮ ಅಜಾಗರೂಕತೆ.

ಮೊದಲನೆಯದಾಗಿ, ಇದನ್ನು ಬೀದಿಯ ಸಾಣೆಯವನಿಗೆ ಕೊಡಬೇಡಿ. ಈಳಿಗೆ, ಕತ್ತರಿಗಳಿಗೆ ಅವನ ಚಕ್ರ ಸರಿಯೆ. ಕ್ಷೌರದ ಕತ್ತಿಯ ಬಾಯಿ ಅತಿ ತೆಳು; ತಿರುಗುವ ಕಲ್ಲಿನ ಕಾವಿಗೆ ಕ್ಷಣದಲ್ಲಿ ಹದ ಕೆಡುತ್ತದೆ. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಆ ಭಾಗ ಮೆತ್ತಗಾಯಿತೆಂದೇ ತಿಳಿಯಿರಿ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು.

ಮನೆಯಲ್ಲಿ ಮಸೆಯಲು ಸಮತಟ್ಟಾದ, ನೀರು ಹಾಕಿ ಬಳಸುವ ಕಲ್ಲು ಬೇಕು. ಕತ್ತಿ ತೀರ ಮೊಂಡಾಗಿದ್ದರೆ ಮೊದಲು 1000 ನಂಬರಿನ ಕಲ್ಲು, ಬಳಿಕ 4000, ಕೊನೆಗೆ 8000. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಕತ್ತಿಯನ್ನು ಮಲಗಿಸಿ. ಓರೆಯೆಷ್ಟು ಎಂಬುದನ್ನು ಬೆನ್ನೇ ನಿರ್ಧರಿಸುತ್ತದೆ. ಬೆನ್ನನ್ನು ಎತ್ತಬಾರದು, ಬಲವಾಗಿ ಒತ್ತಲೂಬಾರದು. ಬಾಯಿ ಮುಂದಾಗಿ ನೂಕಿ, ಬೆನ್ನಿನ ಮೇಲೆ ಹೊರಳಿಸಿ, ಬಾಯಿ ಮುಂದಾಗಿಯೇ ಎಳೆದುಕೊಳ್ಳಿ. ಬಾಯಲ್ಲಿ ಬಿರುಕು ಕಂಡರೆ ಅಂಥ ಕತ್ತಿಯನ್ನು ನೆನಪಿಗೆಂದು ಇಟ್ಟುಕೊಳ್ಳಿ, ಕೆನ್ನೆಗೆ ತಾಗಿಸಬೇಡಿ.

ಚರ್ಮದ ಪಟ್ಟಿಯ ಮೇಲೆ ಕ್ರಮ ತದ್ವಿರುದ್ಧ: ಬೆನ್ನು ಮುಂದೆ, ಬಾಯಿ ಹಿಂದೆ. ಮರೆತರೆ ಪಟ್ಟಿಯೇ ಸೀಳೀತು. ಪ್ರತಿ ಸಲ ಗಡ್ಡ ತೆಗೆಯುವ ಮುನ್ನ 30-40 ಬಾರಿ ಹೀಗೆ ತೀಡಿಕೊಂಡರೆ, ಕಲ್ಲಿನ ಕೆಲಸ ಕೆಲವು ತಿಂಗಳಿಗೊಮ್ಮೆ ಸಾಕು.

ಕಡಲತೀರದ ಪಟ್ಟಣಗಳಲ್ಲಿ ಉಪ್ಪುಗಾಳಿ ಈ ಕತ್ತಿಯ ಮುಖ್ಯ ಶತ್ರು. ಬಳಸಿದ ಕೂಡಲೆ ತೊಳೆದು, ಹಿಡಿಯ ಸಂದಿನವರೆಗೂ ಒರಸಿ, ಹೊಲಿಗೆಯಂತ್ರದ ಎಣ್ಣೆಯನ್ನು ಒಂದು ತೊಟ್ಟು ಸವರಿಡಿ. ಬಚ್ಚಲಮನೆಯಲ್ಲಿ ಇಡಬೇಡಿ, ಮಳೆಗಾಲದಲ್ಲಿ ತೇವ ಹೀರುವ ಚರ್ಮದ ಒರೆಯೂ ಬೇಡ. ಮಕ್ಕಳ ಕೈಗೆ ಎಟುಕದ ಒಣ ಜಾಗವೇ ತಕ್ಕದ್ದು.

ಇನ್ನೊಂದು ಮಾತು. ಒಂದು ಕತ್ತಿ ಒಬ್ಬರಿಗೇ ಮೀಸಲಾಗಿರಲಿ. ತಂದೆಮಕ್ಕಳೇ ಆದರೂ ಹಂಚಿಕೊಳ್ಳಬಾರದು. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿಯಂಥ ರೋಗ ಅಂಟಬಲ್ಲುದು. ಅಜ್ಜನ ಕತ್ತಿ ಮೊಮ್ಮಗನಿಗೆ ಬಂದರೆ ಸಂತೋಷವೇ. ಬಂದ ಮೇಲೆ ಅದು ಅವನೊಬ್ಬನದು.