ಮಳೆಗಾಲದಲ್ಲಿ ಕೋಳಿಮರಿಗಳನ್ನು ಕಾಡುವ ರಕ್ತಭೇದಿ

ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲಸಿರುವ ನಮ್ಮವರಲ್ಲಿ ಕೋಳಿ ಸಾಕಣೆಯನ್ನು ಊರಿನಲ್ಲಿಯೇ ಬಿಟ್ಟು ಬಂದವರು ಬಹು ಮಂದಿ. ಆದರೂ ಬೈಠಿ ಚಾಳಿನ ಹಿಂಬದಿಯಲ್ಲಿ, ಟಿಟವಾಳಾದತ್ತ ಕೊಂಡ ಚಿಕ್ಕ ಜಾಗದ ಮೂಲೆಯಲ್ಲಿ, ಪನವೇಲ್ ಕಡೆಯ ಹಳೆಯ ಹಳ್ಳಿಗಳ ಬಾಡಿಗೆ ಮನೆಯ ಅಂಗಳದಲ್ಲಿ ಒಂದೆರಡು ಹೇಂಟೆಗಳನ್ನು ಸಾಕುವ ಮನೆಗಳು ಇಂದಿಗೂ ಇಲ್ಲದಿಲ್ಲ. ಬೆಂಗಳೂರಿನಲ್ಲಿ ಅಭಿವೃದ್ಧಿಗೊಂಡ ಗಿರಿರಾಜ ತಳಿಯ ಮರಿಗಳು ಮಹಾರಾಷ್ಟ್ರದಲ್ಲಿಯೂ ಪ್ರಚಾರದಲ್ಲಿವೆ. ಬಣ್ಣ ಬಳಿದ ಮರಿಗಳನ್ನು ಬೀದಿಯಲ್ಲಿ ಕಂಡು ಮಕ್ಕಳು ಹಟ ಹಿಡಿದುದರಿಂದ ಸಾಕಣೆಗೆ ತೊಡಗಿದವರೂ ಉಂಟು.

ಇಂಥ ಮನೆಗಳಲ್ಲಿ ಮಳೆ ಹಿಡಿದ ಮೇಲೆ ಸಾಮಾನ್ಯವಾಗಿ ಕೇಳಿಬರುವ ಮಾತೊಂದಿದೆ: "ನಿನ್ನೆಯವರೆಗೆ ಚೆನ್ನಾಗಿ ಓಡಾಡುತ್ತಿದ್ದವು, ಮೂರು ದಿನಗಳಲ್ಲಿ ಅರ್ಧಕ್ಕರ್ಧ ಹೋದವು." ಕಾವಿಗೆ ಕೂಡಿಸಿದ ಮೊಟ್ಟೆಗಳು, ಇಪ್ಪತ್ತೊಂದು ದಿನಗಳ ಕಾಯುವಿಕೆ, ಬಳಿಕ ಒಂದು ತಿಂಗಳ ನುಚ್ಚು ಮತ್ತು ಆರೈಕೆ ಇವೆಲ್ಲವೂ ಒಂದು ವಾರದಲ್ಲಿ ಮಣ್ಣುಪಾಲಾಗುತ್ತವೆ. ಕೆಲವರು ದೃಷ್ಟಿ ತಾಗಿತೆನ್ನುತ್ತಾರೆ, ಕೆಲವರು ಥಂಡಿಯೆನ್ನುತ್ತಾರೆ. ಆದರೆ ಮೂರರಿಂದ ಆರು ವಾರಗಳ ಪ್ರಾಯದ ಮರಿಗಳು ಹೀಗೆ ಸಾಯುವಾಗ ಮೊದಲು ಸಂದೇಹಿಸಬೇಕಾದುದು ಕರುಳಿನ ಒಂದು ರೋಗವನ್ನು. ವೈದ್ಯರು ಅದನ್ನು ಕಾಕ್ಸಿಡಿಯೋಸಿಸ್ ಎನ್ನುತ್ತಾರೆ. ಕನ್ನಡದಲ್ಲಿ ರಕ್ತಭೇದಿ ಎಂದರೂ, ಇಲ್ಲಿಯ ಪಶುವೈದ್ಯರೊಡನೆ ಮರಾಠಿಯಲ್ಲಿ 'ರಕ್ತಿ ಹಗವಣ' ಎಂದರೂ ಅರ್ಥವಾಗುತ್ತದೆ.

ರೋಗದ ಮೂಲ

ಈ ರೋಗವನ್ನುಂಟುಮಾಡುವುದು ಐಮೇರಿಯಾ ಎಂಬ ಏಕಕೋಶ ಜೀವಿ. ಕೋಳಿಗಳಲ್ಲಿ ಇದರ ಹಲವು ಜಾತಿಗಳಿವೆ. ಅವುಗಳಲ್ಲಿ ೧೮೯೧ರಲ್ಲಿ ವರ್ಣಿಸಲ್ಪಟ್ಟ ಐಮೇರಿಯಾ ಟೆನೆಲ್ಲಾ ಎಂಬುದು ಮರಿಗಳಿಗೆ ಅತ್ಯಂತ ಘಾತಕವಾದವುಗಳಲ್ಲೊಂದು. ಕೋಳಿಯ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ ಎರಡು ಕುರುಡು ಚೀಲಗಳಿವೆ. ಟೆನೆಲ್ಲಾ ಈ ಚೀಲಗಳ ಒಳಪೊರೆಯನ್ನು ಹೊಕ್ಕು, ಅಲ್ಲಿಯೇ ಸಂಖ್ಯೆಯಲ್ಲಿ ಬೆಳೆದು, ಪೊರೆಯನ್ನು ಹರಿದು ಹೊರಬರುತ್ತದೆ. ರೋಗಾಣು ಹೊಟ್ಟೆಗೆ ಸೇರಿದ ಐದಾರು ದಿನಗಳಲ್ಲಿ ರಕ್ತಸ್ರಾವವಾಗುವುದೂ ಮರಿಗಳು ಸಾಯುವುದೂ ಇದರಿಂದಲೇ.

ಏಳನೆಯ ದಿನದ ಹೊತ್ತಿಗೆ ರೋಗಾಣುವಿನ ತತ್ತಿಕೋಶಗಳು ಹಿಕ್ಕೆಯೊಡನೆ ಹೊರಬೀಳತೊಡಗುತ್ತವೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಹೊಸದಾಗಿ ಬಿದ್ದ ತತ್ತಿಕೋಶವು ಒಡನೆ ರೋಗ ಹರಡಲಾರದು. ತೇವ, ಬೆಚ್ಚನೆಯ ಹವೆ ಮತ್ತು ಗಾಳಿ ದೊರೆತಲ್ಲಿ ಒಂದೆರಡು ದಿನಗಳೊಳಗೆ ಅದು ಪಕ್ವವಾಗುತ್ತದೆ. ಬಳಿಕವೇ ಇನ್ನೊಂದು ಮರಿಗೆ ಅಪಾಯಕಾರಿ. ಜೂನ್‌ನಿಂದ ಸೆಪ್ಟೆಂಬರದವರೆಗಿನ ಕೊಂಕಣದ ಮಳೆ, ಒದ್ದೆ ನೆಲ, ಇಕ್ಕಟ್ಟಿನ ಗೂಡು ಇವು ಆ ಪಕ್ವತೆಗೆ ಬೇಕಾದುದನ್ನೆಲ್ಲ ಒದಗಿಸುತ್ತವೆ. ಬೇಸಗೆಯಲ್ಲಿ ಸುಖವಾಗಿದ್ದ ಗೂಡು ಆಷಾಢದಲ್ಲಿ ಸಾವಿನ ಮನೆಯಾಗುವುದರ ರಹಸ್ಯವಿದು. ಅಂತೆಯೇ ಪ್ರತಿದಿನವೂ ಹಿಕ್ಕೆಯನ್ನು ತೆಗೆದುಹಾಕುವವನು ರೋಗಾಣು ಪಕ್ವವಾಗುವ ಮುನ್ನವೇ ಅದರ ದಾರಿಯನ್ನು ಕಡಿದಂತಾಗುತ್ತದೆ.

ಗುರುತಿಸುವ ಬಗೆ

ಜಡ್ಡಾದ ಮರಿಯು ಗುಂಪಿನಿಂದ ಬೇರೆಯಾಗಿ ಮೂಲೆಯಲ್ಲಿ ನಿಲ್ಲುತ್ತದೆ. ಗರಿ ಕೆದರಿ, ರೆಕ್ಕೆ ಜೋತು, ಕಣ್ಣು ಮುಚ್ಚಿ ಚಳಿ ಹಿಡಿದಂತೆ ಮುದುಡುತ್ತದೆ. ಮೇವನ್ನು ಬಿಡುತ್ತದೆ. ಜುಟ್ಟು ಮತ್ತು ಕಾಲುಗಳು ರಕ್ತಹೀನತೆಯಿಂದ ಬಿಳಚಿಕೊಳ್ಳುತ್ತವೆ. ಹಿಕ್ಕೆಯಲ್ಲಿ ರಕ್ತ ಕಾಣಿಸುತ್ತದೆ. ಐಮೇರಿಯಾದ ಬೇರೆ ಕೆಲವು ಜಾತಿಗಳಲ್ಲಿ ರಕ್ತವು ಕಾಣದೆ ಬರಿಯ ನೀರುಭೇದಿ, ಲೋಳೆ ಮತ್ತು ಬೆಳವಣಿಗೆಯ ಕುಂಠಿತ ಮಾತ್ರ ಇರಬಹುದು.

ಒಂದು ತಪ್ಪು ತಿಳುವಳಿಕೆಯನ್ನು ಇಲ್ಲಿ ನಿವಾರಿಸುವುದು ಉಚಿತ. ಆರೋಗ್ಯವಂತ ಕೋಳಿಯೂ ಹಲವು ಸಲ ಗಟ್ಟಿ ಹಿಕ್ಕೆ ಹಾಕಿದ ನಡುವೆ ಒಮ್ಮೆ ಕುರುಡು ಚೀಲಗಳಿಂದ ಕಂದುಬಣ್ಣದ, ಅಂಟಾದ, ದುರ್ವಾಸನೆಯ ಹಿಕ್ಕೆಯನ್ನು ಹಾಕುತ್ತದೆ. ಅದು ರೋಗವಲ್ಲ. ಮರಿಯು ಚುರುಕಾಗಿದ್ದು ಮೇಯುತ್ತಿದ್ದರೆ ಅದನ್ನು ಕಂಡು ಗಾಬರಿಯಾಗಬೇಕಾದುದಿಲ್ಲ.

ಬೇರೆ ರೋಗಗಳೊಡನೆ ಇದನ್ನು ಬೆರೆಸಿಕೊಳ್ಳಬಾರದು. ಹುಟ್ಟಿದ ಮೊದಲ ಎರಡು ಮೂರು ವಾರಗಳೊಳಗೆ ಗುದದ್ವಾರಕ್ಕೆ ಬಿಳಿಯ ಹಿಕ್ಕೆ ಅಂಟಿ ಸಾಯುವ ಮರಿಗಳಲ್ಲಿ ಪುಲ್ಲೋರಮ್ ಎಂಬ ಬ್ಯಾಕ್ಟೀರಿಯಾ ರೋಗವನ್ನು ಸಂದೇಹಿಸಬೇಕು. ಇದು ತಾಯಿಯಿಂದ ಮೊಟ್ಟೆಯ ಮೂಲಕವೂ ಬರುತ್ತದೆ. ಹಸಿರು ಭೇದಿ, ಉಸಿರಾಟದ ಕಷ್ಟ, ಕತ್ತು ತಿರುಚುವಿಕೆ ಇದ್ದರೆ ರಾಣಿಖೇತ್. ಮರಾಠಿಯಲ್ಲಿ ಇದಕ್ಕೆ 'ಮಾನಮೋಡಿ' ಎನ್ನುವರು. ಇದಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ ಉಂಟು. ಮೂರರಿಂದ ಆರು ವಾರಗಳ ಮರಿಗಳಲ್ಲಿಯೇ ಬಿಳಿಯ ನೀರುಭೇದಿಯೊಡನೆ ಬರುವ ಗಂಬೋರೊ ಕೂಡ ವೈರಸ್ಸಿನ ರೋಗ. ಆದುದರಿಂದ ಸಂಶಯವಿದ್ದಾಗ ಊಹೆಗಿಂತ ಪರೀಕ್ಷೆ ಲೇಸು. ಸತ್ತ ಮರಿಯನ್ನು ಕೊಯ್ದಾಗ ಕುರುಡು ಚೀಲಗಳು ರಕ್ತದಿಂದ ಉಬ್ಬಿದ್ದರೆ ಟೆನೆಲ್ಲಾ ಎಂಬುದು ಬಹುಮಟ್ಟಿಗೆ ಸ್ಪಷ್ಟ. ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತತ್ತಿಕೋಶಗಳು ಕಾಣುತ್ತವೆ.

ಚಿಕಿತ್ಸೆ

೧೯೩೯ರಲ್ಲಿ ಸಲ್ಫಾ ಮದ್ದು ಈ ರೋಗದ ಮೇಲೆ ಕೆಲಸ ಮಾಡುವುದನ್ನು ಅಮೇರಿಕೆಯ ವಿಜ್ಞಾನಿ ಲೆವಿನ್ ತೋರಿಸಿಕೊಟ್ಟ ಮೇಲೆ ಚಿಕಿತ್ಸೆಯ ಮಾರ್ಗವು ತೆರೆಯಿತು. ಇಂದು ಮನೆಯಂಗಳದ ಮರಿಗಳಿಗೆ ಹೆಚ್ಚಾಗಿ ಸೂಚಿಸಲ್ಪಡುವ ಮದ್ದುಗಳಲ್ಲಿ ಆಂಪ್ರೋಲಿಯಂ ಒಂದು. ಇದು ಥಯಾಮಿನ್ ಎಂಬ ಬಿ೧ ಜೀವಸತ್ವದ ವೇಷ ಧರಿಸಿ ರೋಗಾಣುವನ್ನು ಉಪವಾಸ ಕೆಡವುತ್ತದೆ. ಶೇಕಡಾ ೨೦ರ ಪುಡಿಯಾದರೆ ಒಂದು ಲೀಟರ್ ಕುಡಿಯುವ ನೀರಿಗೆ ೧.೨ ಗ್ರಾಂನಂತೆ ಮೂರರಿಂದ ಐದು ದಿನ, ಆಮೇಲೆ ೦.೩ ಗ್ರಾಂನಂತೆ ಒಂದೆರಡು ವಾರ ಕೊಡುವುದು ರೂಢಿ. ಪೊಟ್ಟಣದ ಮೇಲಿನ ಪ್ರಮಾಣವನ್ನೂ ವೈದ್ಯರ ಮಾತನ್ನೂ ಮೀರಬಾರದು. ನೀರನ್ನು ದಿನದಿನವೂ ಹೊಸದಾಗಿ ಕಲಸಬೇಕು. ಬೇರೆ ನೀರು ಸಿಗದಂತೆ ನೋಡಬೇಕು. ಮದ್ದು ಕೊಡುವ ದಿನಗಳಲ್ಲಿ ಬಿ೧ ಸೇರಿದ ಟಾನಿಕ್ಕನ್ನು ಕೂಡಿಸಿದರೆ ಮದ್ದಿನ ಬಲವೇ ಕುಂದುತ್ತದೆ. ಸಲ್ಫಾ ಮದ್ದು ಅತಿಯಾದರೆ ಅದರಿಂದಲೇ ರಕ್ತಸ್ರಾವವಾಗುವುದುಂಟು. ಅದನ್ನು ವೈದ್ಯರ ಸಲಹೆಯಿಲ್ಲದೆ ಉಪಯೋಗಿಸುವುದು ತರವಲ್ಲ.

ಜಡ್ಡಾದ ಮರಿ ಮೇಯದಿದ್ದರೂ ನೀರು ಕುಡಿಯುವುದುಂಟು. ಆದುದರಿಂದಲೇ ಮದ್ದನ್ನು ನೀರಿನಲ್ಲಿ ಕೊಡುವುದು. ಒಂದು ಮರಿಯಲ್ಲಿ ಲಕ್ಷಣ ಕಂಡರೆ ಅದನ್ನು ಬೇರ್ಪಡಿಸಿ ಬೆಚ್ಚಗಿಡಬೇಕು. ಮದ್ದನ್ನು ಮಾತ್ರ ಗುಂಪಿಗೆಲ್ಲ ಕೊಡಬೇಕು. ನೋಡಲು ಚೆನ್ನಾಗಿರುವ ಮರಿಗಳ ಹೊಟ್ಟೆಯಲ್ಲಿಯೂ ರೋಗಾಣು ಅಷ್ಟರಲ್ಲಿ ಸೇರಿರುತ್ತದೆ. ಅರಿಸಿನ, ಬೆಳ್ಳುಳ್ಳಿ, ಮಜ್ಜಿಗೆಗಳನ್ನು ಕೊಡುವ ಹಿರಿಯರನ್ನು ಹೀಗಳೆಯಬೇಕಾದುದಿಲ್ಲ. ಆದರೆ ರಕ್ತ ಕಂಡ ಮೇಲೆ ಅವನ್ನು ನಂಬಿ ಎರಡು ದಿನ ಕಳೆದರೆ ಆ ಎರಡು ದಿನಗಳೇ ಮರಿಯ ಆಯುಸ್ಸು. ಮನುಷ್ಯರಿಗೆಂದು ತಂದ ಆಂಟಿಬಯಾಟಿಕ್ ಮಾತ್ರೆಗಳನ್ನು ಪುಡಿಮಾಡಿ ಹಾಕುವ ರೂಢಿಯನ್ನು ಬಿಡತಕ್ಕದ್ದು. ಐಮೇರಿಯಾ ಬ್ಯಾಕ್ಟೀರಿಯಾ ಅಲ್ಲ. ಇಂಥ ದುರುಪಯೋಗದಿಂದ ಮನುಷ್ಯರ ಮದ್ದುಗಳೇ ನಿಷ್ಪ್ರಯೋಜಕವಾಗುವ ಭೀತಿಯಿರುವುದರಿಂದ ಭಾರತ ಸರಕಾರವು ೨೦೧೯ರಲ್ಲಿ ಕೊಲಿಸ್ಟಿನ್ ಎಂಬ ಮದ್ದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನಿಷೇಧಿಸಿತು.

ಬಾರದಂತೆ ತಡೆಯುವುದು

ಫಿನಾಯಿಲ್ ಮೊದಲಾದ ಸಾಧಾರಣ ಕ್ರಿಮಿನಾಶಕಗಳು ಈ ತತ್ತಿಕೋಶದ ಗಟ್ಟಿ ಚಿಪ್ಪನ್ನು ಭೇದಿಸಲಾರವು. ಒಣಗುವಿಕೆ ಮತ್ತು ಕುದಿಯುವ ನೀರು ಅದಕ್ಕೆ ಶತ್ರುಗಳು. ಆದಕಾರಣ ಗೂಡು ನೆಲದಿಂದ ಎತ್ತರವಾಗಿರಲಿ; ಸಾಧ್ಯವಾದರೆ ಹಿಕ್ಕೆ ಕೆಳಗೆ ಬೀಳುವಂತೆ ತಂತಿಬಲೆಯ ತಳವಿರಲಿ. ಮಳೆಯ ಇರಚಲು ಹೊಡೆಯದಂತೆ ತಾಡಪತ್ರಿ ಕಟ್ಟಿ, ಗಾಳಿಯಾಡಲು ಎಡೆ ಬಿಡಬೇಕು. ಹಾಸಿದ ಭತ್ತದ ಹೊಟ್ಟು ಅಥವಾ ಮರದ ಹುಡಿಯನ್ನು ದಿನವೂ ಕೆದಕಿ, ಒದ್ದೆಯಾದುದನ್ನು ತೆಗೆಯಬೇಕು. ನೀರಿನ ಪಾತ್ರೆಯನ್ನು ಮರಿಯ ಬೆನ್ನಿನ ಮಟ್ಟಕ್ಕೆ ಎತ್ತಿಟ್ಟರೆ ಹಿಕ್ಕೆ ಬೀಳುವುದೂ ನೀರು ಚೆಲ್ಲುವುದೂ ತಪ್ಪುತ್ತದೆ. ನಾಲ್ಕು ವಾರಗಳವರೆಗೆ ಮರಿಯೊಂದಕ್ಕೆ ಅರ್ಧ ಚದರ ಅಡಿ, ಎಂಟು ವಾರಗಳವರೆಗೆ ಒಂದು ಚದರ ಅಡಿ ಜಾಗ ಬೇಕು. ಪ್ರಾಯದ ಕೋಳಿಗಳು ತಾವು ಜಡ್ಡಾಗದೆ ರೋಗಾಣುವನ್ನು ಹೊತ್ತಿರಬಹುದಾದುದರಿಂದ ಹೊರಗಿನಿಂದ ತಂದ ಮರಿಗಳನ್ನು ಅವುಗಳೊಡನೆ ಒಂದೇ ಗೂಡಿಗೆ ಹಾಕಬಾರದು.

ಈ ರೋಗವು ಕೋಳಿಯಿಂದ ಮನುಷ್ಯರಿಗೆ ಹರಡುವುದಿಲ್ಲವೆಂಬುದು ಮಕ್ಕಳಿರುವ ಮನೆಗಳಿಗೆ ಸಮಾಧಾನದ ಸಂಗತಿ. ಆದರೂ ಸಾಲ್ಮೊನೆಲ್ಲಾದಂಥ ಬೇರೆ ರೋಗಾಣುಗಳು ಹರಡುವುದರಿಂದ ಮರಿಗಳನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯುವುದು ಅವಶ್ಯ. ಜಡ್ಡಿನ ಕೋಳಿಯನ್ನು ಕೊಯ್ದು ತಿನ್ನುವುದಾಗಲಿ, ಸತ್ತ ಮರಿಯನ್ನು ನಾಲೆಗೆ ಎಸೆಯುವುದಾಗಲಿ ಸಲ್ಲದು. ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಮರಿಗಳು ಮಾತ್ರವಲ್ಲದೆ ದೊಡ್ಡ ಕೋಳಿಗಳೂ ಒಮ್ಮೆಲೇ ಸಾಯತೊಡಗಿದರೆ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸತಕ್ಕದ್ದು. ಥಾಣೆ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ ೨೦೨೨ರ ಫೆಬ್ರವರಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಸಾವಿರಾರು ಕೋಳಿಗಳನ್ನು ನಾಶಮಾಡಬೇಕಾಯಿತೆಂಬುದನ್ನು ವಾಚಕರು ಮರೆತಿರಲಾರರು.

ಸಲಹೆಗೆ ತಾಲೂಕಿನ ಸರಕಾರಿ ಪಶುವೈದ್ಯಕೀಯ ದವಾಖಾನೆಗಳಿವೆ. ಮಧ್ಯ ರೈಲ್ವೆಯ ಹಾದಿಯಲ್ಲಿಯೇ, ಪರೇಲಿನಲ್ಲಿ, ೧೮೮೬ರಲ್ಲಿ ಸ್ಥಾಪಿತವಾದ ಮುಂಬಯಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಹೋಗುವಾಗ ಆಗತಾನೆ ಬಿದ್ದ ಹಿಕ್ಕೆಯನ್ನು ಶುಚಿಯಾದ ಡಬ್ಬಿಯಲ್ಲಿಯೂ, ಸತ್ತ ಮರಿಯಿದ್ದರೆ ಅದನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಭದ್ರವಾಗಿ ಕಟ್ಟಿ, ಹೊರಗೆ ಬರ್ಫವಿಟ್ಟೂ ಒಯ್ದರೆ ವೈದ್ಯರಿಗೆ ಅನುಕೂಲ. ಮರಿಗಳ ಪ್ರಾಯ, ಮೊದಲ ಸಾವಿನ ದಿನ, ಕೊಟ್ಟ ಮೇವು ಮತ್ತು ಮದ್ದು ಇವುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು.

ಗುಂಪಿನ ಖರ್ಚಿಗೆ ಹೋಲಿಸಿದರೆ ಒಂದು ಪೊಟ್ಟಣ ಮದ್ದಿನ ಬೆಲೆ ಅಲ್ಪ. ದಿನಕ್ಕೆ ಕಾಲು ಗಂಟೆಯ ಶುಚಿತ್ವಕ್ಕೆ ಬೆಲೆಯೇ ಇಲ್ಲ. ಮಳೆಗಾಲದ ಬೆಳಗುಗಳಲ್ಲಿ ಗೂಡಿನ ಬಾಗಿಲು ತೆರೆದಾಗ ಮೊದಲು ಮರಿಗಳನ್ನು ಎಣಿಸುವುದು ಎಲ್ಲರ ರೂಢಿ. ಅದಕ್ಕೂ ಮುನ್ನ ಒಮ್ಮೆ ಬಗ್ಗಿ ಹಿಕ್ಕೆಯನ್ನು ನೋಡುವ ರೂಢಿಯನ್ನು ಮಾಡಿಕೊಂಡರೆ, ಎಣಿಕೆಯಲ್ಲಿ ಕಡಿಮೆ ಬೀಳುವ ಪ್ರಸಂಗ ವಿರಳವಾದೀತು.