ಹಗಲು ಫ್ಲೆಕ್ಸ್, ರಾತ್ರಿ ಚಾಚಾನ ಅಕ್ಷರ

ಈ ಕಾಲೇಜಿನಲ್ಲಿ ಪಿಯುಸಿ ಓದಿದ ನಾನು ಈಗ ಅಥಣಿಯ ಒಂದು ಅಂಗಡಿಯಲ್ಲಿ ಡಿಸೈನರ್. ಮದುವೆ ಪತ್ರಿಕೆ, ಹುಟ್ಟುಹಬ್ಬದ ಬ್ಯಾನರ್, ಅಂಗಡಿ ಬೋರ್ಡು. ಕನ್ನಡ, ಉರ್ದು, ಮರಾಠಿ ಮೂರರಲ್ಲೂ. ವೃತ್ತಿಯ ಬಗ್ಗೆ ಬರೆದುಕೊಡು ಎಂದು ಸರ್ ಕೇಳಿದರು. ವೃತ್ತಿಯ ಪಕ್ಕದಲ್ಲಿ ನಡೆಸುವ ಸ್ವಂತ ಕೆಲಸದ ಬಗ್ಗೆ ಬರೆಯುತ್ತೇನೆ. ನಿಮ್ಮಲ್ಲಿ ಚಿತ್ರ ಬರೆಯುವವರು, ವಿಡಿಯೋ ಮಾಡುವವರು ಮುಂದೆ ಎಡವುವುದು ಇಲ್ಲಿಯೇ.

ನಮ್ಮ ಚಾಚಾ ಸತ್ತಿಯ ಅಂಗಡಿಗಳಿಗೆ, ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಬ್ರಷ್ಷಿನಿಂದ ಹೆಸರು ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ನಿಂತಿತು. (ಫ್ಲೆಕ್ಸ್ ಮಾಡುವವನು ನಾನೇ, ಅದನ್ನೂ ಹೇಳಿಬಿಡುತ್ತೇನೆ.) ಈಗ ಅವರ ಕೈ ನಡುಗುತ್ತದೆ. ಅವರ ಅಕ್ಷರಗಳನ್ನು ಫಾಂಟ್ ಮಾಡುವುದು ನನ್ನ ಸ್ವಂತ ಕೆಲಸ.

ಮೊದಲ ತಪ್ಪು ಅಳತೆಯದು. ವರ್ಣಮಾಲೆಯಲ್ಲಿ 49 ಅಕ್ಷರ, ಎಷ್ಟು ದಿನ ಬೇಕು ಎಂದುಕೊಂಡೆ. ಕಾಗುಣಿತ, ಒತ್ತಕ್ಷರ ಸೇರಿದರೆ ಬರೆಯಬೇಕಾದ ಆಕಾರಗಳು ನೂರಾರು. ಒತ್ತಕ್ಷರದ ಅರ್ಧಕ್ಕೆ ಬಂದಾಗ ಮದುವೆ ಸೀಸನ್ ಶುರುವಾಯಿತು. ಎಂಟು ತಿಂಗಳು ಫೈಲ್ ತೆರೆಯಲಿಲ್ಲ. ತೆರೆದಾಗ ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಎಂದು ಮೂರು ಇದ್ದವು. ಯಾವುದು ಸರಿಯೋ ನನಗೇ ತಿಳಿಯಲಿಲ್ಲ. ಈಗ ಫೈಲಿನ ಹೆಸರು ತಾರೀಖಿನಿಂದಲೇ ಶುರು, ಒಂದು ಪ್ರತಿ ಪೆನ್‌ಡ್ರೈವಿನಲ್ಲಿ.

ಎರಡನೇ ಸಲ ಸಣ್ಣದಾಗಿ ಹಿಡಿದೆ: ೦ಯಿಂದ ೯ರವರೆಗಿನ ಹತ್ತು ಅಂಕಿ ಮಾತ್ರ. ಮೂರು ವಾರದಲ್ಲಿ ಮುಗಿಯಿತು. ಚಾಚಾ ಕನ್ನಡಕ ಏರಿಸಿ ನೋಡಿ, “ಈ ಏಳರ ಬಾಲ ನಂದಲ್ಲೋ, ನಿಂದು” ಅಂದರು. ನಿಜವೇ ಇತ್ತು. ಪೂರ್ತಿ ಫಾಂಟ್ ಮುಗಿಸಿಯೇ ತೋರಿಸುತ್ತೇನೆ ಎಂದು ಕೂತಿದ್ದರೆ ಆ ಬಾಲ ಹಾಗೇ ಉಳಿಯುತ್ತಿತ್ತು.

ಸಮಯ ಉಳಿದರೆ ಮಾಡುತ್ತೇನೆ ಅಂದರೆ ಅದು ಉಳಿಯುವುದೇ ಇಲ್ಲ. ಮಂಗಳವಾರ ಇಶಾ ಆದ ಮೇಲೆ ಒಂದೂವರೆ ತಾಸು ಇದಕ್ಕೇ. ಏಳುವ ಮುಂಚೆ ಮುಂದಿನ ವಾರ ಎಲ್ಲಿಂದ ಹಿಡಿಯಬೇಕು ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಡುತ್ತೇನೆ.

ಇನ್ನೊಂದು ವಿಷಯ ಯಾರೂ ಹೇಳಿಕೊಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಮಾಡಿದ ಕೃತಿಯ ಹಕ್ಕು ಮಾಲೀಕರದು. ಹಾಗಾಗಿ ನನ್ನದು ಮನೆಯಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲಿ. ಮಾಲೀಕರಿಗೂ ಮೊದಲೇ ತಿಳಿಸಿದ್ದೇನೆ. ಅಕ್ಷರ ಚಾಚಾನದು, ಅವರಿಂದಲೂ ಬರೆಸಿಕೊಂಡಿದ್ದೇನೆ. ನಕ್ಕರು, ಆದರೆ ಸಹಿ ಹಾಕಿದರು.

ಇಂಥ ಕೆಲಸ ನಿಧಾನವಾದರೆ ಗಾಬರಿ ಬೇಡ. ನಾವು ಟೈಪ್ ಮಾಡುವ ಕನ್ನಡ ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಮುದ್ರಣ ತಂತ್ರಜ್ಞಾನದ ವೃತ್ತಿಯಲ್ಲಿದ್ದವರು. ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನು ಪುಕ್ಕಟೆ ಹಂಚಿದರು. ಅಕ್ಷರ ವಿನ್ಯಾಸಕಿ ವೈಷ್ಣವಿ ಮೂರ್ತಿ, ವಿನೋದ್ ರಾಜನ್ ಅವರೊಂದಿಗೆ ತಿಗಳಾರಿ ಲಿಪಿಗಾಗಿ ಯೂನಿಕೋಡ್‌ಗೆ ಪ್ರಾಥಮಿಕ ಪ್ರಸ್ತಾವ ಸಲ್ಲಿಸಿದ್ದು 2017ರಲ್ಲಿ. ತುಳು-ತಿಗಳಾರಿ ಯೂನಿಕೋಡ್ 16ರಲ್ಲಿ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ.

ನಾನಿನ್ನೂ ಸ್ವರಗಳಲ್ಲೇ ಇದ್ದೇನೆ. ಈ ಮಂಗಳವಾರ ‘ಋ’. ಚಾಚಾ ಅದನ್ನು ಎರಡೇ ಬೋರ್ಡಿಗೆ ಬರೆದಿದ್ದರಂತೆ. ಒಂದು ಇನ್ನೂ ಇದೆ ಎನ್ನುತ್ತಾರೆ, ಭಾನುವಾರ ಹುಡುಕಲು ಹೋಗಬೇಕು.